ಇಂಜೆಕ್ಷನ್ ಆಯಿತು, ಗಿಡದ ಎಣ್ಣೆಯೂ ಕೊಟ್ಟಾಯಿತು, ಕರುವಿನ ಕೆಮ್ಮು ಮಾತ್ರ ನಿಂತಿಲ್ಲ: ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಕರುವಿನ ನ್ಯುಮೋನಿಯಾಕ್ಕೆ ಆಂಟಿಬಯೋಟಿಕ್ ಇಂಜೆಕ್ಷನ್ ಆಗಿ ಮೂರು ದಿನ ಕಳೆದಿದೆ. ಹಾಲಿನ ಜೊತೆ ಓರೆಗಾನೊ ಅನ್ನುವ ಗಿಡದ ಎಣ್ಣೆಯ ಮಿಶ್ರಣವೂ ಹೋಗುತ್ತಿದೆ. ಆದರೂ ಕರು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದೆ, ಒಂದೊಂದು ಉಸಿರಿಗೂ ಪಕ್ಕೆ ಎಳೆಯುತ್ತಿದೆ, ಕೆಮ್ಮು ಹಾಗೇ ಇದೆ. ಆಗ ಎರಡು ಯೋಚನೆ ಬರುತ್ತವೆ. ಈ ಎಣ್ಣೆಯಲ್ಲಿ ಏನೂ ಇಲ್ಲ, ಅಥವಾ ಈ ಆಂಟಿಬಯೋಟಿಕ್ ಇನ್ನು ನಡೆಯಲ್ಲ, ಬದಲಿಸೋಣ. ಎರಡರಲ್ಲೂ ಸತ್ಯ ಇರಬಹುದು. ಆದರೆ ಕರುಗಳ ಜೊತೆ ಇಷ್ಟು ವರ್ಷ ಕಳೆದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಇದು: ಎಣ್ಣೆ ಈ ಸರಪಳಿಯ ಕೊನೆಯ ಕೊಂಡಿ, ತಪ್ಪು ಹುಡುಕುವಾಗಲೂ ಅದನ್ನು ಕೊನೆಗೇ ನೋಡಬೇಕು. ಮೊದಲಿನ ಕೊಂಡಿಗಳು ಕಳಚಿದ್ದರೆ ಎಂಥ ಒಳ್ಳೆಯ ಎಣ್ಣೆ ಕೊಟ್ಟರೂ ಪ್ರಯೋಜನವಿಲ್ಲ.

ಹಾಗಾಗಿ ಇಲ್ಲಿ ಅದೇ ಕ್ರಮದಲ್ಲಿ ಹೋಗೋಣ. ಕರು, ರೋಗಾಣು, ಆಂಟಿಬಯೋಟಿಕ್, ಆಮೇಲೆ ಎಣ್ಣೆ.

ಅದಕ್ಕೂ ಮೊದಲು ಒಂದು ಮಾತು. ಕರು ಬಾಯಿ ತೆರೆದು ಉಸಿರಾಡುತ್ತಿದ್ದರೆ, ಕತ್ತು ಮುಂದಕ್ಕೆ ಚಾಚಿ ನಿಂತಿದ್ದರೆ, ಎದ್ದು ನಿಲ್ಲಲು ಆಗದಿದ್ದರೆ ಅಥವಾ ಎರಡು ಹೊತ್ತು ಹಾಲು ಬಿಟ್ಟಿದ್ದರೆ ಇದನ್ನು ಓದುತ್ತಾ ಕೂರಬೇಡಿ. ಪಶುವೈದ್ಯರಿಗೆ ಫೋನ್ ಮಾಡಿ. ಉಳಿದದ್ದು ಆಮೇಲೆ.

ಮೊದಲು ಕರುವನ್ನು ನೋಡಿ, ಬಾಟಲಿಯನ್ನಲ್ಲ

"ಔಷಧ ಕೆಲಸ ಮಾಡಿಲ್ಲ" ಅನ್ನುವ ಮಾತಿಗೆ ಅಳತೆ ಬೇಕು. ಕೆಮ್ಮು ಇದೆ ಅನ್ನುವುದು ಅಳತೆ ಅಲ್ಲ. ರೋಗಾಣು ಸತ್ತ ಮೇಲೂ ಉಸಿರಿನ ಕೊಳವೆಯ ಒಳಪದರ ಮತ್ತೆ ಬೆಳೆಯುವ ತನಕ ಕೆಮ್ಮು ಹಲವು ದಿನ ಉಳಿಯಬಹುದು. ಕೆಮ್ಮು ಮಾತ್ರ ಉಳಿದಿದ್ದು, ಜ್ವರ ಇಳಿದು, ಕರು ಹಾಲು ಪೂರ್ತಿ ಕುಡಿಯುತ್ತಾ ಇದ್ದರೆ ನಿಮ್ಮ ಚಿಕಿತ್ಸೆ ಸೋತಿಲ್ಲ. ಸ್ವಲ್ಪ ಕಾಯಬೇಕು ಅಷ್ಟೇ.

ಕರುಗಳಿಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಮಾಡಿದ ಅಂಕದ ಪಟ್ಟಿ ಒಂದಿದೆ. ತುಂಬಾ ಸುಲಭ. ಜ್ವರ, ಕೆಮ್ಮು, ಮೂಗಿನ ಸುರಿತ, ಕಣ್ಣಿನ ಸುರಿತ, ಕಿವಿ ಇಳಿಬೀಳುವುದು, ಈ ಐದಕ್ಕೂ 0 ಇಂದ 3ರ ತನಕ ಅಂಕ. ಕಣ್ಣು ಮತ್ತು ಕಿವಿ ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಮಾತ್ರ ತೆಗೆದುಕೊಳ್ಳಬೇಕು. ಒಟ್ಟು 5 ಅಥವಾ ಅದಕ್ಕಿಂತ ಹೆಚ್ಚಾದರೆ ಚಿಕಿತ್ಸೆ ಬೇಕು, 4 ಆದರೆ ಕಣ್ಣಿಟ್ಟಿರಬೇಕು. ಗುದದಲ್ಲಿ ನೋಡಿದ ಉಷ್ಣತೆ 39.4 ಡಿಗ್ರಿ ಸೆಲ್ಸಿಯಸ್, ಅಂದರೆ 103 ಫ್ಯಾರನ್‌ಹೀಟ್ ದಾಟಿದರೆ ಜ್ವರಕ್ಕೆ ಪೂರ್ತಿ 3 ಅಂಕ. ಚಿಕಿತ್ಸೆ ಶುರುವಾದ ದಿನದ ಅಂಕ ಬರೆದಿಟ್ಟಿದ್ದೀರಾ? ಇಲ್ಲ ಅಂದರೆ ಇವತ್ತು ಅದು ಸುಧಾರಿಸಿದೆಯೋ ಇಲ್ಲವೋ ಹೇಳುವುದು ಹೇಗೆ? ಇವತ್ತಿನದನ್ನಾದರೂ ಬರೆದಿಡಿ.

ಉಸಿರೂ ಎಣಿಸಿ. ಕರು ಮಲಗಿರುವಾಗ, ಹತ್ತಿರ ಹೋಗದೆ, ಪಕ್ಕೆ ಏಳುವುದನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 40 ದಾಟಿದರೆ ಅನುಮಾನ ಪಡಬೇಕು. ಸೆಕೆ ಇದ್ದ ದಿನ ಆರೋಗ್ಯವಾಗಿರುವ ಕರುವೂ ಇದನ್ನು ದಾಟುತ್ತದೆ, ಅದಕ್ಕೇ ಪಕ್ಕದ ಚೆನ್ನಾಗಿರುವ ಕರುವಿನದ್ದನ್ನೂ ಎಣಿಸಿ ಹೋಲಿಸಬೇಕು.

ಥರ್ಮಾಮೀಟರ್ ದಾರಿ ತಪ್ಪಿಸುವುದೂ ಉಂಟು. ಆಂಟಿಬಯೋಟಿಕ್ ಜೊತೆ ಜ್ವರ, ನೋವು ಇಳಿಸುವ ಮೆಲಾಕ್ಸಿಕಾಮ್ ಅಥವಾ ಫ್ಲುನಿಕ್ಸಿನ್ ಕೊಟ್ಟಿದ್ದರೆ ಜ್ವರ ಇಳಿದದ್ದು ಅದರಿಂದಲೇ ಇರಬಹುದು. ಕರುವಿನಲ್ಲಿ ಮೆಲಾಕ್ಸಿಕಾಮ್‌ನ ಅರ್ಧಾಯು, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯುವ ಸಮಯ, ಸುಮಾರು 26 ಗಂಟೆ. ಹಾಗಾಗಿ ಮರುದಿನ 38.8 ತೋರಿಸಿತು ಅಂತ ಖುಷಿಪಟ್ಟು, ಮೂರನೇ ದಿನ ಮತ್ತೆ 40 ನೋಡಿ "ಮರುಕಳಿಸಿತು" ಅಂದುಕೊಳ್ಳುತ್ತೇವೆ. ಮರುಕಳಿಸಿದ್ದಲ್ಲ, ಮೊದಲೇ ಹೋಗಿರಲಿಲ್ಲ. ನೋವು ನಿವಾರಕ ಕೊಡಬೇಡಿ ಅಂತ ಹೇಳುತ್ತಿಲ್ಲ, ಕರುವಿಗೆ ಅದು ಬಹಳ ನೆಮ್ಮದಿ ಕೊಡುತ್ತದೆ. ಆದರೆ ತೀರ್ಪನ್ನು 48 ಇಂದ 72 ಗಂಟೆ ಆದಮೇಲೆ ಕೊಡಿ, ಆಗಲೂ ಹಾಲು ಎಷ್ಟು ಕುಡಿಯಿತು, ಉಸಿರು ಎಷ್ಟು ಅನ್ನುವುದನ್ನು ಜ್ವರದ ಪಕ್ಕದಲ್ಲಿಟ್ಟು ನೋಡಿ.

ಎದುರಿಗೆ ಯಾರಿದ್ದಾರೆ

ಕರುಗಳ ನ್ಯುಮೋನಿಯಾ ಅಂದರೆ ಒಂದೇ ರೋಗಾಣು ಅಲ್ಲ. ಸಾಮಾನ್ಯವಾಗಿ ಮೊದಲು ವೈರಸ್ ಬಂದು ಬಾಗಿಲು ಒಡೆಯುತ್ತದೆ, ಆಮೇಲೆ ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತದೆ. ಮುಖ್ಯವಾದವು ನಾಲ್ಕು: ಮ್ಯಾನ್‌ಹೈಮಿಯ ಹೀಮೋಲಿಟಿಕ, ಪಾಶ್ಚುರೆಲ್ಲ ಮಲ್ಟೊಸಿಡ, ಹಿಸ್ಟೋಫಿಲಸ್ ಸೋಮ್ನಿ, ಮೈಕೋಪ್ಲಾಸ್ಮ ಬೋವಿಸ್.

ಈ ನಾಲ್ಕರಲ್ಲಿ ಕೊನೆಯದ್ದು ಬೇರೆಯೇ ಜಾತಿ. ಮೈಕೋಪ್ಲಾಸ್ಮಕ್ಕೆ ಕೋಶಭಿತ್ತಿಯೇ ಇಲ್ಲ. ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫ್ಟಿಯೋಫರ್ ಇವೆಲ್ಲ ಕೋಶಭಿತ್ತಿ ಕಟ್ಟುವುದನ್ನು ತಡೆಯುವ ಔಷಧಗಳು. ಇಲ್ಲದ ಗೋಡೆಯನ್ನು ಕೆಡವುವುದು ಹೇಗೆ? ಕರುವಿನ ಒಂದು ಕಿವಿ ಜೋತುಬಿದ್ದಿದ್ದರೆ, ತಲೆ ಒಂದು ಕಡೆ ವಾಲಿದ್ದರೆ, ಮಂಡಿ ಊದಿದ್ದರೆ ಮೈಕೋಪ್ಲಾಸ್ಮವನ್ನು ಮನಸ್ಸಿನಲ್ಲಿಟ್ಟುಕೊಂಡು ವೈದ್ಯರ ಜೊತೆ ಮಾತಾಡಿ. ಇಂಥ ಕರುವಿಗೆ ಸೆಫ್ಟಿಯೋಫರ್ ಜೊತೆ ಎಣ್ಣೆ ಕೊಟ್ಟು "ಎರಡೂ ಸೇರಿ ಕೆಲಸ ಮಾಡಲಿಲ್ಲ" ಅಂದರೆ ಅದರಲ್ಲಿ ಎಣ್ಣೆಯ ತಪ್ಪೇನೂ ಇಲ್ಲ.

ಸ್ಯಾಂಪಲ್ ವಿಷಯದಲ್ಲೂ ಎಡವುತ್ತೇವೆ. ಮೂಗಿನ ತುದಿಯಲ್ಲಿ ಹತ್ತಿ ಕಡ್ಡಿ ಆಡಿಸಿ ಕಳಿಸಿದರೆ ಬರುವ ರಿಪೋರ್ಟ್ ಶ್ವಾಸಕೋಶದ್ದಲ್ಲ. ಪಾಶ್ಚುರೆಲ್ಲ, ಮ್ಯಾನ್‌ಹೈಮಿಯ ಎರಡೂ ಆರೋಗ್ಯವಾಗಿರುವ ಕರುವಿನ ಮೂಗಿನ ಹಿಂಭಾಗದಲ್ಲಿ ಸುಮ್ನೆ ವಾಸ ಮಾಡುತ್ತಿರುತ್ತವೆ. ಮೂಗಿನ ಆಳದಿಂದ ಕವಚ ಇರುವ ಸ್ವಾಬ್‌ನಲ್ಲಿ ತೆಗೆಯಬೇಕು, ಇನ್ನೂ ಒಳ್ಳೆಯದು ಅಂದರೆ ಉಸಿರಿನ ಕೊಳವೆ ತೊಳೆದ ದ್ರವ. ಅದೂ ಆಂಟಿಬಯೋಟಿಕ್ ಕೊಡುವ ಮೊದಲು. ಮೂರನೇ ದಿನದ ಸ್ಯಾಂಪಲ್‌ನಲ್ಲಿ "ಏನೂ ಬೆಳೆಯಲಿಲ್ಲ" ಅಂತ ಬಂದರೆ ಅದಕ್ಕೆ ಅರ್ಥ ಕಡಿಮೆ.

ತಡವಾಗಿ ಶುರು ಮಾಡಿದ ಚಿಕಿತ್ಸೆಯೂ ಇಲ್ಲೇ ಬರುತ್ತದೆ. ಮ್ಯಾನ್‌ಹೈಮಿಯ ಬಿಡುವ ಲ್ಯೂಕೋಟಾಕ್ಸಿನ್ ಅನ್ನುವ ವಿಷ ಕರುವಿನ ಬಿಳಿ ರಕ್ತಕಣಗಳನ್ನೇ ಒಡೆಯುತ್ತದೆ, ಒಡೆದ ಕಣಗಳಿಂದ ಸುರಿದದ್ದು ಸುತ್ತಲಿನ ಶ್ವಾಸಕೋಶವನ್ನು ಸುಡುತ್ತದೆ. ಹಾಗೆ ಗಟ್ಟಿಯಾಗಿ ಸತ್ತ ಭಾಗಕ್ಕೆ ರಕ್ತವೇ ಹೋಗುವುದಿಲ್ಲ, ಔಷಧ ಹೋಗುವುದು ಎಲ್ಲಿಂದ? ಎದೆಯ ಅಲ್ಟ್ರಾಸೌಂಡ್ ಮಾಡುವ ವೈದ್ಯರು ಸಿಕ್ಕರೆ ಇದು ಕಣ್ಣಿಗೇ ಕಾಣುತ್ತದೆ, ಹೊರಗೆ ಚೆನ್ನಾಗಿ ಕಾಣುವ ಕರುವಿನಲ್ಲೂ ಎಷ್ಟೋ ಸಲ ಕಾಣುತ್ತದೆ.

ಆಂಟಿಬಯೋಟಿಕ್ ಕಡೆಯ ತಪ್ಪುಗಳು

ಮೊದಲನೆಯದು ತೂಕ. ಕಣ್ಣಂದಾಜಿನಲ್ಲಿ 50 ಕಿಲೋ ಅಂದುಕೊಂಡ ಕರು ನಿಜಕ್ಕೂ 70 ಕಿಲೋ ಇದ್ದರೆ, ಕಿಲೋಗೆ 10 ಮಿಲಿಗ್ರಾಂ ಲೆಕ್ಕದ ಔಷಧ 700 ಮಿಲಿಗ್ರಾಂ ಹೋಗಬೇಕಾದ ಕಡೆ 500 ಹೋಗುತ್ತದೆ. ಹತ್ತಿರಹತ್ತಿರ ಮೂರನೇ ಒಂದು ಭಾಗ ಕಡಿಮೆ! ಎದೆ ಸುತ್ತಳತೆಯ ಟೇಪು ಇಟ್ಟುಕೊಳ್ಳಿ, ದೊಡ್ಡ ತಕ್ಕಡಿ ಬೇಕಿಲ್ಲ.

ಎರಡನೆಯದು ಕೊಡುವ ಅಂತರ. ಫ್ಲೋರ್‌ಫೆನಿಕಾಲ್ ಸ್ನಾಯುವಿಗೆ ಕೊಡುವಾಗ ಕಿಲೋಗೆ 20 ಮಿಲಿಗ್ರಾಂನಂತೆ 48 ಗಂಟೆ ಬಿಟ್ಟು ಎರಡು ಸಲ. ಕರು ಚುರುಕಾಯಿತು ಅಂತ ಎರಡನೇ ಸಲದ್ದನ್ನು ಬಿಟ್ಟುಬಿಡುವವರು ತುಂಬಾ ಜನ. ಉಲ್ಟಾ ತಪ್ಪೂ ಇದೆ. ಟುಲಾಥ್ರೊಮೈಸಿನ್ ಒಂದೇ ಸಲ ಕೊಡುವ ಔಷಧ, ಶ್ವಾಸಕೋಶದಲ್ಲಿ ಹಲವು ದಿನ ಉಳಿಯುತ್ತದೆ. ಮರುದಿನವೇ "ಏನೂ ಆಗಲಿಲ್ಲ" ಅಂತ ಅದರ ಮೇಲೆ ಇನ್ನೊಂದು ಹಾಕುವುದು ಆತುರ.

ಮೂರನೆಯದು ಹಾಲಿನಲ್ಲಿ ಬೆರೆಸಿ ಕೊಡುವುದು. ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳು, ಅದರಲ್ಲೂ ಆಕ್ಸಿಟೆಟ್ರಾಸೈಕ್ಲಿನ್, ಹಾಲಿನ ಕ್ಯಾಲ್ಸಿಯಂಗೆ ಅಂಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಹಾಗಂತ ಡೋಸ್ ನೀವೇ ಜಾಸ್ತಿ ಮಾಡಬೇಡಿ. ಅದೇ ಗುಂಪಿನ ಡಾಕ್ಸಿಸೈಕ್ಲಿನ್ ಡೋಸ್ ಮೀರಿ ಹೋದ ಕರುಗಳಲ್ಲಿ ಹೃದಯದ ಸ್ನಾಯುವೇ ಹಾಳಾಗಿ ಸತ್ತ ವರದಿಗಳಿವೆ.

ಟಿಲ್ಮಿಕೋಸಿನ್ ಬಗ್ಗೆ ಒಂದು ಎಚ್ಚರಿಕೆ, ಇದು ಕರುವಿಗಲ್ಲ, ನಿಮಗೆ. ಕೊಸರಾಡುವ ಕರುವಿನ ಪಕ್ಕದಲ್ಲಿ ಸೂಜಿ ಜಾರಿ ನಿಮ್ಮ ಕೈಗೇ ಚುಚ್ಚಿಕೊಂಡರೆ ಅದು ಮನುಷ್ಯರ ಹೃದಯಕ್ಕೆ ವಿಷ, ಜನ ಸತ್ತಿದ್ದಾರೆ, ಅದಕ್ಕೆ ಪ್ರತಿವಿಷ ಇಲ್ಲ. ಒಬ್ಬರೇ ಇದ್ದಾಗ ಇದನ್ನು ಕೊಡಲೇಬೇಡಿ. ಕರುವಿಗೂ ರಕ್ತನಾಳಕ್ಕೆ ಹೋಗಬಾರದು, ಚರ್ಮದ ಕೆಳಗೆ ಮಾತ್ರ.

ಇನ್ನು ನಿಜವಾದ ಪ್ರತಿರೋಧ. ಲ್ಯಾಬ್ ರಿಪೋರ್ಟ್‌ನಲ್ಲಿ ಎಂಐಸಿ ಅಂತ ಬರೆದಿರುತ್ತಾರೆ, ಅಂದರೆ ರೋಗಾಣು ಬೆಳೆಯದಂತೆ ತಡೆಯಲು ಬೇಕಾದ ಕನಿಷ್ಠ ಸಾಂದ್ರತೆ. ಮ್ಯಾನ್‌ಹೈಮಿಯಕ್ಕೆ ಫ್ಲೋರ್‌ಫೆನಿಕಾಲ್ ಆದರೆ ಮಿಲಿಲೀಟರಿಗೆ 2 ಮೈಕ್ರೋಗ್ರಾಂ ತನಕ ಔಷಧಕ್ಕೆ ಬಗ್ಗುವ ರೋಗಾಣು, 8 ಮತ್ತು ಮೇಲೆ ಬಗ್ಗದ್ದು. ಈ ಅಂಕಿ ಯಾಕೆ ಹೇಳಿದೆ ಅಂದರೆ ಎಣ್ಣೆಯ ಅಂಕಿ ಬಂದಾಗ ಇದನ್ನು ನೆನಪಿಟ್ಟುಕೊಂಡಿರಬೇಕು.

ಈಗ ಎಣ್ಣೆ

ಎಸೆನ್ಷಿಯಲ್ ಆಯಿಲ್ ಅಂತ ಕರೆಯುವ ಈ ಎಣ್ಣೆಗಳಲ್ಲಿ ಕೆಲಸ ಮಾಡುವುದು ಕೆಲವೇ ಪದಾರ್ಥಗಳು. ಓರೆಗಾನೊದಲ್ಲಿ ಕಾರ್ವಕ್ರಾಲ್, ಥೈಮ್ ಮತ್ತು ಓಮದಲ್ಲಿ ಥೈಮಾಲ್, ಲವಂಗದಲ್ಲಿ ಯೂಜಿನಾಲ್, ದಾಲ್ಚಿನ್ನಿ ತೊಗಟೆಯಲ್ಲಿ ಸಿನಮಾಲ್ಡಿಹೈಡ್. ಕಾರ್ವಕ್ರಾಲ್ ಮತ್ತು ಥೈಮಾಲ್ ಎರಡರ ಸೂತ್ರವೂ ಒಂದೇ, ಹತ್ತು ಕಾರ್ಬನ್, ಹದಿನಾಲ್ಕು ಹೈಡ್ರೋಜನ್, ಒಂದು ಆಕ್ಸಿಜನ್. ಹೈಡ್ರಾಕ್ಸಿಲ್ ಗುಂಪು, ಅಂದರೆ ಒಂದು ಆಕ್ಸಿಜನ್ ಮತ್ತು ಒಂದು ಹೈಡ್ರೋಜನ್ ಜೋಡಿ, ಕೂತಿರುವ ಜಾಗ ಮಾತ್ರ ಬೇರೆ. ಇವು ಬ್ಯಾಕ್ಟೀರಿಯಾದ ಪೊರೆಯೊಳಗೆ ಸೇರಿಕೊಂಡು ಅದನ್ನು ಸಡಿಲ ಮಾಡುತ್ತವೆ. ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಶಕ್ತಿ ತಯಾರಿಸುವ ವ್ಯವಸ್ಥೆ ಕುಸಿಯುತ್ತದೆ. ಪೊರೆ ಸಡಿಲವಾದರೆ ಆಂಟಿಬಯೋಟಿಕ್ ಒಳಗೆ ಹೋಗುವುದು ಸುಲಭ, ಒಳಗೆ ಹೋದದ್ದನ್ನು ಹೊರಗೆ ತಳ್ಳುವ ಪಂಪುಗಳೂ ಸೊರಗುತ್ತವೆ. ಜೊತೆಯಾಗಿ ಕೊಡುವ ಯೋಚನೆಯ ಬುಡ ಇದು. ಒಳ್ಳೆಯ ಯೋಚನೆ. ನನಗೆ ಇದರಲ್ಲಿ ನಂಬಿಕೆ ಇದೆ, ಅದಕ್ಕೇ ಇದನ್ನು ತಪ್ಪಾಗಿ ಬಳಸಿ ಕೈಬಿಡುವವರನ್ನು ನೋಡಿದರೆ ಬೇಸರವಾಗುತ್ತದೆ.

ಆದರೆ ಈ ವಿವರಣೆಯಲ್ಲೇ ಮಿತಿಯೂ ಇದೆ. ರೋಗಾಣು ಔಷಧವನ್ನು ತಡೆಯುತ್ತಿರುವುದು ಬಾಗಿಲಲ್ಲಾದರೆ ಎಣ್ಣೆ ನೆರವಾಗಬಹುದು. ಒಳಗಿನ ಗುರಿಯನ್ನೇ ಅದು ಬದಲಿಸಿಕೊಂಡಿದ್ದರೆ? ಕರುಗಳ ಪಾಶ್ಚುರೆಲ್ಲದಲ್ಲಿ ಇಆರ್‌ಎಂ 42 ಅನ್ನುವ ಜೀನ್ ಸಿಗುತ್ತದೆ, ಅದು ಟಿಲ್ಮಿಕೋಸಿನ್ ಗುಂಪಿನ ಔಷಧ ಹಿಡಿದುಕೊಳ್ಳಬೇಕಾದ ರೈಬೋಸೋಮಿನ (ರೋಗಾಣುವಿನೊಳಗೆ ಪ್ರೋಟೀನ್ ತಯಾರಿಸುವ ಯಂತ್ರದ) ಜಾಗವನ್ನೇ ಮಾರ್ಪಡಿಸುತ್ತದೆ. ಅಲ್ಲಿ ಬಾಗಿಲು ಎಷ್ಟು ಅಗಲ ತೆರೆದರೂ ಒಳಗೆ ಬಂದ ಔಷಧಕ್ಕೆ ಕೂರಲು ಜಾಗವಿಲ್ಲ. ಇಂಥ ರೋಗಾಣು ಅಂತ ರಿಪೋರ್ಟ್ ಬಂದರೆ ಎಣ್ಣೆ ಸೇರಿಸಿ ಅದೇ ಔಷಧ ಮುಂದುವರಿಸುವುದು ಸರಿಯಲ್ಲ, ಆಂಟಿಬಯೋಟಿಕ್ ಬದಲಿಸಬೇಕು.

ಈಗ ಒಂದೊಂದೇ ಲಕ್ಷಣ ಹಿಡಿದು ನೋಡೋಣ.

ಕರು ಹಾಲು ಬಿಡುತ್ತಿದೆ. ಎಲ್ಲರೂ ಇದನ್ನು ರೋಗದ ಲೆಕ್ಕಕ್ಕೆ ಬರೆಯುತ್ತಾರೆ. ಒಂದು ಹೊತ್ತು ಎಣ್ಣೆ ಇಲ್ಲದ ಹಾಲು ಕೊಟ್ಟು ನೋಡಿ. ಗಟಗಟ ಕುಡಿದರೆ ಕಾರಣ ವಾಸನೆ ಮತ್ತು ಬಾಯಿ ಚುರುಗುಟ್ಟುವುದು. ಜ್ವರದಲ್ಲಿರುವ ಕರುವಿಗೆ ಒಂದೊಂದು ಲೀಟರ್ ಹಾಲೂ ಮುಖ್ಯ, ಎಣ್ಣೆಯ ಸಲುವಾಗಿ ಹಾಲು ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭ ಅಲ್ಲ.

ಬಕೆಟ್ಟಿನ ಅಂಚಿನಲ್ಲಿ ಎಣ್ಣೆಯ ಉಂಗುರ ಕಾಣುತ್ತಿದೆ. ಅಂದರೆ ಬೆರೆತಿಲ್ಲ. ಎಣ್ಣೆ ಹಾಲಿನ ಮೇಲೆ ತೇಲುತ್ತದೆ, ಪ್ಲಾಸ್ಟಿಕ್ಕಿಗೆ ಅಂಟುತ್ತದೆ. ಒಮ್ಮೆ ನಾನು ನೋಡಿದ ಕಡೆ ನಾಲ್ಕು ಕರುಗಳ ಹಾಲನ್ನು ಒಂದೇ ಪಾತ್ರೆಯಲ್ಲಿ ಕಲಸಿ ಹಂಚುತ್ತಿದ್ದರು. ಪಾತ್ರೆಯ ಕೆಳಗಿನ ನಲ್ಲಿಯಿಂದ ಹಾಲು ಬರುತ್ತಿತ್ತು. ಮೊದಲ ಮೂರಕ್ಕೆ ಬರೀ ಹಾಲು, ಕೊನೆಯದಕ್ಕೆ ತೇಲಿದ ಎಣ್ಣೆಯೆಲ್ಲ. ಆ ಕರುವಿನ ತುಟಿಯ ಒಳಗಡೆ, ನಾಲಿಗೆಯ ಅಂಚು ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಮನೆಯವರು ಅದನ್ನು ಕಾಲುಬಾಯಿ ರೋಗ ಅಂತ ಹೆದರಿದ್ದರು. ಇವು ಫೀನಾಲ್ ಜಾತಿಯ ಪದಾರ್ಥಗಳು, ತೆಳು ಮಾಡದ ಕಾರ್ವಕ್ರಾಲ್ ಚರ್ಮವನ್ನೂ ಒಳಪದರವನ್ನೂ ಸುಡುತ್ತದೆ. ಎಣ್ಣೆ ಹಾಲಿನಲ್ಲಿ ಬೆರೆಯುವಂತೆ ಮಾಡುವ ಎಮಲ್ಸಿಫೈಯರ್ ಇರುವ, ಕರುಗಳಿಗೆಂದೇ ತಯಾರಾದ ಉತ್ಪನ್ನ ಬಳಸಿ, ಒಂದೊಂದು ಕರುವಿನ ಪಾಲನ್ನು ಬೇರೆಬೇರೆಯಾಗಿ ಅಳೆದು ಹಾಕಿ.

ಹೋದ ಬಾಟಲಿ ಕೆಲಸ ಮಾಡಿತ್ತು, ಈ ಬಾಟಲಿ ಮಾಡುತ್ತಿಲ್ಲ. ಇದಕ್ಕೆ ನಿಜವಾದ ಕಾರಣ ಇರಬಹುದು. ಒಂದೇ ಜಾತಿಯ ಥೈಮ್ ಗಿಡದಲ್ಲಿ ಥೈಮಾಲ್ ತುಂಬಿದ ಬಗೆ ಒಂದು, ಲಿನಲೂಲ್ ತುಂಬಿದ ಬಗೆ ಇನ್ನೊಂದು. ಎರಡರ ಬಾಟಲಿ ಮೇಲೂ ಬರೆದಿರುವುದು ಥೈಮ್ ಎಣ್ಣೆ ಅಂತಲೇ. ಓರೆಗಾನೊದಲ್ಲೂ ಗಿಡ, ಕೊಯ್ದ ಕಾಲ, ಬೆಳೆದ ಜಾಗ ಬದಲಾದರೆ ಕಾರ್ವಕ್ರಾಲ್ ಪ್ರಮಾಣ ಬಹಳ ಏರುಪೇರಾಗುತ್ತದೆ. "ನೂರಕ್ಕೆ ನೂರು ಶುದ್ಧ" ಅನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ. ಯಾವ ಪದಾರ್ಥ ಎಷ್ಟಿದೆ ಅಂತ ತೋರಿಸುವ, ಆ ಬ್ಯಾಚಿನ ಗ್ಯಾಸ್ ಕ್ರೊಮಟೋಗ್ರಫಿ ರಿಪೋರ್ಟ್ ಕೇಳಿ. ಕೊಡಲ್ಲ ಅಂದರೆ ಆ ಎಣ್ಣೆಯ ಮೇಲೆ ಯಾವ ತೀರ್ಮಾನವನ್ನೂ ಕಟ್ಟಬೇಡಿ. ಮುಚ್ಚಳ ಸಡಿಲವಾಗಿ ಬಿಸಿಲಲ್ಲಿ ಕೂತ ಬಾಟಲಿಯೂ ಅಷ್ಟೇ. ಇವೆಲ್ಲ ಆವಿಯಾಗುವ ಪದಾರ್ಥಗಳು, ಗಾಳಿ ತಾಗಿದರೆ ಸಿನಮಾಲ್ಡಿಹೈಡ್ ಸಿನಮಿಕ್ ಆಸಿಡ್ ಆಗುತ್ತಾ ಹೋಗುತ್ತದೆ.

ಎಣ್ಣೆ ಶುರು ಮಾಡಿದ ಮೇಲೆ ಉಸಿರಾಟ ಕೆಟ್ಟಿತು. ಇದನ್ನು ತುಂಬಾ ಗಂಭೀರವಾಗಿ ತೆಗೆದುಕೊಳ್ಳಿ. ಬಾಯಿಗೆ ಸುರಿಯುವಾಗ ತಲೆ ಎತ್ತಿ ಹಿಡಿದಿರಾ? ಕರು ಕೆಮ್ಮಿತಾ? ವೇಗವಾಗಿ ಉಸಿರಾಡುತ್ತಿರುವ ಕರುವಿಗೆ ನುಂಗುವುದು ಮತ್ತು ಉಸಿರಾಡುವುದನ್ನು ಒಟ್ಟಿಗೆ ನಿಭಾಯಿಸುವುದು ಕಷ್ಟ. ನೀರಾದರೆ ಸ್ವಲ್ಪ ಒಳಗೆ ಹೋದರೂ ಕೆಮ್ಮಿ ಹೊರಗೆ ಹಾಕಬಹುದು. ಎಣ್ಣೆ ಉಸಿರಿನ ಕೊಳವೆಯಲ್ಲಿ ಕೆಲವೊಮ್ಮೆ ಸದ್ದಿಲ್ಲದೆ ಜಾರಬಹುದು, ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಕೂರಬಹುದು. ಇದರಿಂದ ಬರುವ ನ್ಯುಮೋನಿಯಾಕ್ಕೆ ಯಾವ ಆಂಟಿಬಯೋಟಿಕ್ಕೂ ಸರಿಯಾದ ಉತ್ತರ ಅಲ್ಲ. ಉಸಿರಾಟದ ತೊಂದರೆ ಇರುವ ಕರುವಿಗೆ ಎಣ್ಣೆಯನ್ನು ಬಲವಂತವಾಗಿ ಕುಡಿಸಬೇಡಿ, ಮೂಗಿಗೆ ಹನಿ ಬಿಡಬೇಡಿ, ಯಾವತ್ತೂ ಇಂಜೆಕ್ಟ್ ಮಾಡಬೇಡಿ.

ಕೊಟ್ಟಿಗೆ ತುಂಬಾ ಘಮಘಮ, ಕೆಮ್ಮು ಮಾತ್ರ ಹೆಚ್ಚು. ನೀಲಗಿರಿ, ಪುದೀನ ಎಣ್ಣೆಗಳನ್ನು ಗಾಳಿಗೆ ಸಿಂಪಡಿಸುವ ಅಭ್ಯಾಸದ ದೊಡ್ಡ ತೊಂದರೆ ಅಂದರೆ ಅದು ಅಮೋನಿಯಾದ ವಾಸನೆಯನ್ನು ಮುಚ್ಚಿಬಿಡುತ್ತದೆ. ಗಂಜಲ ನೆನೆದ ಹಾಸಿನಿಂದ ಏಳುವ ಅಮೋನಿಯಾ ಕರುವಿನ ಉಸಿರಿನ ಕೊಳವೆಯ ಸಣ್ಣ ಕೂದಲುಗಳನ್ನು ಹಾಳುಮಾಡುತ್ತದೆ. ಕೊಳೆಯನ್ನು ಮೇಲಕ್ಕೆ ತಳ್ಳಿ ಹೊರಹಾಕುವ ಕೆಲಸ ಅವುಗಳದ್ದೇ. ಎರಡು ದಿನ ಸಿಂಪಡಿಸುವುದನ್ನು ನಿಲ್ಲಿಸಿ. ಆಮೇಲೆ ಕರು ಮಲಗುವ ಜಾಗದಲ್ಲಿ ಮಂಡಿಯೂರಿ, ಅದರ ಮೂಗಿನ ಎತ್ತರದಲ್ಲಿ ಒಂದು ನಿಮಿಷ ಉಸಿರಾಡಿ. ಕಣ್ಣು ಉರಿದರೆ ತಪ್ಪು ಸಿಕ್ಕಿತು. ನಿಂತಲ್ಲಿಂದ ಇದು ಗೊತ್ತಾಗಲ್ಲ, ನಮ್ಮ ಮೂಗು ಇರುವುದು ಬೇರೆ ಗಾಳಿಯಲ್ಲಿ.

ಎಣ್ಣೆ ಸೇರಿಸಿದ್ದೇವೆ ಅಂತ ಆಂಟಿಬಯೋಟಿಕ್ ಕಡಿಮೆ ಮಾಡಿದ್ದೀರಾ? ಮಾಡಿದ್ದರೆ ಇಲ್ಲಿಗೇ ನಿಲ್ಲಿಸಿ, ವೈದ್ಯರಿಗೆ ಹೇಳಿ. ಇದು ಯಾಕೆ ತಪ್ಪು ಅನ್ನುವುದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಲ್ಯಾಬ್‌ನಲ್ಲಿ ಗೆದ್ದದ್ದು ಕರುವಿನಲ್ಲಿ ಯಾಕೆ ಗೆಲ್ಲಲ್ಲ

ಲ್ಯಾಬ್ ಪರೀಕ್ಷೆಯಲ್ಲಿ ಕಾರ್ವಕ್ರಾಲ್, ಥೈಮಾಲ್‌ಗಳ ಎಂಐಸಿ ಸಾಮಾನ್ಯವಾಗಿ ಮಿಲಿಲೀಟರಿಗೆ ನೂರಾರು ಮೈಕ್ರೋಗ್ರಾಂ. ಮೇಲೆ ಹೇಳಿದ ಫ್ಲೋರ್‌ಫೆನಿಕಾಲ್ ಅಂಕಿ ನೆನಪಿದೆ ಅಲ್ವಾ? 2. ಆಂಟಿಬಯೋಟಿಕ್ ಜೊತೆ ಸೇರಿದಾಗ ಎಣ್ಣೆಯ ಅಗತ್ಯ ನಾಲ್ಕನೇ ಒಂದಕ್ಕೆ ಇಳಿದರೂ ಅದು ಇನ್ನೂ ದೊಡ್ಡ ಅಂಕಿಯೇ. ಬಾಯಿಂದ ಕೊಟ್ಟ ಎಣ್ಣೆ ಶ್ವಾಸಕೋಶದಲ್ಲಿ ಅಷ್ಟು ಮುಟ್ಟುವುದಿಲ್ಲ. ಹಂದಿಮರಿಗಳಲ್ಲಿ ನೋಡಿದಾಗ ಈ ಪದಾರ್ಥಗಳು ಹೊಟ್ಟೆ ಮತ್ತು ಸಣ್ಣಕರುಳಿನ ಆರಂಭದಲ್ಲೇ ಹೆಚ್ಚುಕಡಿಮೆ ಪೂರ್ತಿ ಹೀರಲ್ಪಟ್ಟಿದ್ದವು. ಹೀರಿದ ಮೇಲೆ ಯಕೃತ್ತು ಅವುಗಳ ಹೈಡ್ರಾಕ್ಸಿಲ್ ಗುಂಪಿಗೆ ಗ್ಲೂಕುರೊನೈಡ್ ಅಥವಾ ಸಲ್ಫೇಟ್ ಕಟ್ಟಿ ಮೂತ್ರಕ್ಕೆ ಕಳಿಸುತ್ತದೆ. ರೋಗಾಣುವಿನ ಪೊರೆ ಒಡೆಯಲು ಬೇಕಾದದ್ದೇ ಆ ಹೈಡ್ರಾಕ್ಸಿಲ್ ಗುಂಪು. ಅದು ಮುಚ್ಚಿಹೋಯಿತು ಅಂದರೆ ಹಲ್ಲು ಕಿತ್ತಂತೆ.

ಅಂದರೆ ಹಾಲಿನಲ್ಲಿ ಕೊಟ್ಟ ಎಣ್ಣೆ ಕರುಳಿನ ಮಟ್ಟದಲ್ಲಿ ಒಳ್ಳೆಯದು ಮಾಡಬಹುದು, ಕರು ಒಟ್ಟಾರೆ ಗಟ್ಟಿಯಾಗಲು ನೆರವಾಗಬಹುದು. ಶ್ವಾಸಕೋಶದಲ್ಲಿ ಆಂಟಿಬಯೋಟಿಕ್‌ನ ಅರ್ಧ ಕೆಲಸ ಅದು ಮಾಡುತ್ತದೆ ಅಂತ ನಂಬಿ ಡೋಸ್ ಇಳಿಸಿದರೆ ರೋಗಾಣುವಿಗೆ ಸಿಗುವುದು ಬರೀ ಕಡಿಮೆ ಡೋಸ್ ಆಂಟಿಬಯೋಟಿಕ್. ಪ್ರತಿರೋಧ ಬೆಳೆಯಲು ಅದಕ್ಕಿಂತ ಒಳ್ಳೆಯ ಅವಕಾಶ ಬೇಕಾ? ಸಂಶೋಧಕರು ಮೂಗಿನ ಮೂಲಕ ಕೊಡುವ ದಾರಿ ನೋಡುತ್ತಿರುವುದು ಇದಕ್ಕೇ, ಅಲ್ಲಿ ಎಣ್ಣೆ ನೇರವಾಗಿ ರೋಗಾಣು ಇರುವ ಜಾಗಕ್ಕೆ ತಾಗುತ್ತದೆ. ಅದು ಅಳತೆ ಮಾಡಿದ, ಮೂಗಿನ ಒಳಪದರದ ಕೋಶಗಳ ಮೇಲೆ ಮೊದಲು ಪರೀಕ್ಷಿಸಿದ ತಯಾರಿ. ಕೊಟ್ಟಿಗೆಯಲ್ಲಿ ನಾವು ಅನುಕರಿಸುವ ವಿಷಯ ಅಲ್ಲ.

ಸಿನರ್ಜಿ, ಅಂದರೆ ಎರಡು ಔಷಧ ಸೇರಿದಾಗ ಒಂದಕ್ಕೊಂದು ಬಲ ಕೊಡುವುದು, ಅನ್ನುವ ಪದವನ್ನೂ ಸರಿಯಾಗಿ ಓದಬೇಕು. ಚೆಕರ್‌ಬೋರ್ಡ್ ಅನ್ನುವ ಪರೀಕ್ಷೆಯಲ್ಲಿ ಸಣ್ಣ ಗುಳಿಗಳಿರುವ ಒಂದು ತಟ್ಟೆಯ ಅಡ್ಡ ಸಾಲುಗಳಲ್ಲಿ ಎಣ್ಣೆಯನ್ನೂ ಉದ್ದ ಸಾಲುಗಳಲ್ಲಿ ಆಂಟಿಬಯೋಟಿಕ್ಕನ್ನೂ ಅರ್ಧರ್ಧ ಇಳಿಸುತ್ತಾ ಹೋಗುತ್ತಾರೆ. ಒಂದು ಕಾಲ್ಪನಿಕ ಲೆಕ್ಕ ನೋಡಿ, ಎಂಐಸಿಗಳೆಲ್ಲ ಮಿಲಿಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ. ಕಾರ್ವಕ್ರಾಲ್ ಒಂಟಿಯಾಗಿ 256, ಜೊತೆಯಲ್ಲಿ 64 ಸಾಕಾಯಿತು, ಅಂದರೆ 0.25. ಟಿಲ್ಮಿಕೋಸಿನ್ ಒಂಟಿಯಾಗಿ 8, ಜೊತೆಯಲ್ಲಿ 2, ಅದೂ 0.25. ಕೂಡಿದರೆ 0.5. ಇದನ್ನು ಎಫ್‌ಐಸಿ ಸೂಚ್ಯಂಕ ಅನ್ನುತ್ತಾರೆ. 0.5 ಅಥವಾ ಕಡಿಮೆ ಬಂದರೆ ಸಿನರ್ಜಿ, 4 ದಾಟಿದರೆ ಒಂದಕ್ಕೊಂದು ವಿರುದ್ಧ, ನಡುವೆ ಇದ್ದರೆ ಹೇಳಿಕೊಳ್ಳುವಂಥದ್ದೇನಿಲ್ಲ. ಈಗ ತೊಂದರೆ ಇಲ್ಲಿದೆ. ಈ ಪರೀಕ್ಷೆಯಲ್ಲಿ ಒಂದು ಹೆಜ್ಜೆ ಆಚೀಚೆ ಆಗುವುದು ಸಹಜ. ಜೊತೆಯಲ್ಲಿ 64 ಮತ್ತು 2ರ ಬದಲು 128 ಮತ್ತು 4 ಬಂದರೆ ಸೂಚ್ಯಂಕ 1. ಅದೇ ತಟ್ಟೆ, ಅದೇ ರೋಗಾಣು, ಸಿನರ್ಜಿ ಮಾಯ. ಹಾಗಾಗಿ ಒಂದೇ ಸಲ ಬಂದ 0.5ರ ಮೇಲೆ ಜಾಹೀರಾತು ಕಟ್ಟಿದವರನ್ನು "ಎಷ್ಟು ಸಲ ಮಾಡಿದಿರಿ, ಎಷ್ಟು ತಳಿಗಳ ಮೇಲೆ" ಅಂತ ಕೇಳಿ.

ನೀವೇ ತಟ್ಟೆ ಹಾಕುವವರಾದರೆ

ಪಶುವೈದ್ಯ ವಿದ್ಯಾರ್ಥಿಗಳೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಇದು. ಫಲಿತಾಂಶ ದಿನಕ್ಕೊಂದು ತರ ಬರುತ್ತಿದ್ದರೆ ಮೊದಲ ಅನುಮಾನ ಆವಿಯ ಮೇಲಿರಲಿ. ಎಣ್ಣೆ ಇರುವ ಗುಳಿಯಿಂದ ಆವಿ ಎದ್ದು ಪಕ್ಕದ, ಎಣ್ಣೆಯೇ ಹಾಕದ ಗುಳಿಯ ಬೆಳವಣಿಗೆಯನ್ನೂ ತಡೆಯುತ್ತದೆ. ನೋಡಿದವರಿಗೆ ಅದು ಸಿನರ್ಜಿ. ತಟ್ಟೆಗೆ ಅಂಟುವ ಹಾಳೆ ಹಾಕಿ, ಬರೀ ರೋಗಾಣುವಿನ ಕಂಟ್ರೋಲನ್ನು ಇನ್ನೊಂದು ಪ್ರತ್ಯೇಕ ತಟ್ಟೆಯಲ್ಲೂ ಇಡಿ. ಎರಡು ಕಂಟ್ರೋಲ್ ಬೇರೆಬೇರೆ ಬೆಳೆದರೆ ಉತ್ತರ ಅಲ್ಲೇ ಸಿಗುತ್ತದೆ.

ಗುಳಿ ಮೋಡ ಕಟ್ಟಿದಂತೆ ಕಂಡರೆ ಅದು ಬೆಳವಣಿಗೆಯೇ ಆಗಬೇಕಿಲ್ಲ, ಎಣ್ಣೆ ಕರಗದೆ ಉಳಿದದ್ದೂ ಹಾಗೇ ಕಾಣುತ್ತದೆ. ಅನುಮಾನ ಬಂದ ಗುಳಿಯಿಂದ ಅಗಾರ್ ಮೇಲೆ ಹಾಕಿ ನೋಡಿ. ಕರಗಿಸಲು ಬಳಸಿದ ಡಿಎಂಎಸ್‌ಒ ಅಥವಾ ಟ್ವೀನ್ 80ಕ್ಕೂ ಬೇರೆ ಕಂಟ್ರೋಲ್ ಬೇಕು. ಪಾಲಿಸ್ಟೈರೀನ್ ತಟ್ಟೆಯನ್ನು ಕೆಲವು ಎಣ್ಣೆಗಳು ಮೆತ್ತಗೆ ಮಾಡುತ್ತವೆ, ಪಾಲಿಪ್ರೊಪಿಲೀನ್ ವಾಸಿ.

ಹಿಸ್ಟೋಫಿಲಸ್‌ಗೆ ಕಾರ್ಬನ್ ಡೈಆಕ್ಸೈಡ್ ಬೇಕು ಅಂತ ಎಲ್ಲ ತಟ್ಟೆಗಳನ್ನೂ ಅದೇ ಇನ್‌ಕ್ಯುಬೇಟರ್‌ಗೆ ಹಾಕುವವರಿದ್ದಾರೆ. ಆ ಗಾಳಿಯಲ್ಲಿ ಮಾಧ್ಯಮ ಸ್ವಲ್ಪ ಹುಳಿಯಾಗುತ್ತದೆ. ಟಿಲ್ಮಿಕೋಸಿನ್, ಟುಲಾಥ್ರೊಮೈಸಿನ್ ಹುಳಿಯಲ್ಲಿ ಸೊರಗುವ ಔಷಧಗಳು, ಎಂಐಸಿ ಏರುತ್ತದೆ. ಒಂದು ವಾರ ಹೀಗೆ, ಇನ್ನೊಂದು ವಾರ ಹಾಗೆ ಮಾಡಿ ಎಣ್ಣೆಯಿಂದ ವ್ಯತ್ಯಾಸ ಬಂತು ಅಂದುಕೊಂಡರೆ ಅದು ಎಣ್ಣೆಯದ್ದಲ್ಲ. ಇನ್ನೊಂದು, ಮಾಧ್ಯಮಕ್ಕೆ ಸೀರಂ ಸೇರಿಸಿ ಒಮ್ಮೆ ಮಾಡಿ ನೋಡಿ. ಪ್ರೋಟೀನ್ ಮತ್ತು ಕೊಬ್ಬು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಶ್ವಾಸಕೋಶದಲ್ಲಿ ಕಾಯಿಲೆ ಇರುವಾಗ ಅಲ್ಲಿ ಇರುವುದು ಶುದ್ಧ ಸಾರು ಅಲ್ಲ, ಪ್ರೋಟೀನ್ ತುಂಬಿದ ಕೀವು.

ಒಂದಾದ ಮೇಲೊಂದು ಕರು ಬೀಳುತ್ತಿದ್ದರೆ

ಆಗ ಎಣ್ಣೆ, ಆಂಟಿಬಯೋಟಿಕ್ ಎರಡನ್ನೂ ಬದಿಗಿಟ್ಟು ಹುಟ್ಟಿದ ದಿನಕ್ಕೆ ಹೋಗಿ. ಗಿಣ್ಣು ಹಾಲು ಎಷ್ಟು ಹೊತ್ತಿಗೆ ಕುಡಿಯಿತು? ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣು ಮೊದಲ ಕೆಲವು ಗಂಟೆಗಳಲ್ಲೇ ಹೋಗಬೇಕು, ಆಮೇಲೆ ಕರುಳು ಪ್ರತಿಕಾಯಗಳನ್ನು ಹೀರುವುದು ಇಳಿಯುತ್ತಾ ಬಂದು ಸುಮಾರು 24 ಗಂಟೆಗೆ ಮುಚ್ಚಿಹೋಗುತ್ತದೆ. ದ್ರವ ಎಷ್ಟು ಗಟ್ಟಿ ಅಂತ ತೋರಿಸುವ ಬ್ರಿಕ್ಸ್ ಮಾಪಕದಲ್ಲಿ ಗಿಣ್ಣು 22 ಅಥವಾ ಹೆಚ್ಚು ತೋರಿಸಬೇಕು. ಮೊದಲ ವಾರದ ಕರುಗಳ ರಕ್ತದ ಸೀರಂ ಅನ್ನು ಅದೇ ಮಾಪಕದಲ್ಲಿ ನೋಡಿ, 8.4ಕ್ಕಿಂತ ಕಡಿಮೆ ಇದ್ದರೆ ಪ್ರತಿಕಾಯ ಸಾಕಷ್ಟು ಸೇರಿಲ್ಲ. ಇಂಥ ಕರುವಿನ ದೇಹ ಅರ್ಧ ಯುದ್ಧವನ್ನು ತಾನೇ ಮಾಡಬೇಕಿತ್ತು, ಮಾಡಲು ಅದರ ಕೈಯಲ್ಲಿ ಏನೂ ಇಲ್ಲ.

ವೈದ್ಯರಿಗೆ ಫೋನ್ ಮಾಡುವಾಗ ಇವು ಕೈಯಲ್ಲಿರಲಿ: ಮೊದಲ ದಿನದ ಮತ್ತು ಇವತ್ತಿನ ಅಂಕ, ಅಳೆದ ತೂಕ, ಯಾವ ಔಷಧ ಯಾವ ಗಂಟೆಗೆ ಎಷ್ಟು ಹೋಯಿತು, ಜ್ವರದ ಔಷಧ ಯಾವಾಗ ಕೊಟ್ಟಿರಿ, ಎಣ್ಣೆಯ ಹೆಸರು, ಬ್ಯಾಚು, ಕೊಟ್ಟ ರೀತಿ. ಎಣ್ಣೆಯ ವಿಷಯ ಮುಚ್ಚಿಡಬೇಡಿ, "ಅದು ಬರೀ ಗಿಡದ್ದು" ಅಂತ ಬಿಟ್ಟುಬಿಡಬೇಡಿ. ಎರಡು ಸಲ ಸರಿಯಾದ ಚಿಕಿತ್ಸೆ ಆಗಿಯೂ ಬಗ್ಗದ ಕರುವಿನ ಮೇಲೆ ಮೂರನೇ, ನಾಲ್ಕನೇ ಔಷಧ ಪ್ರಯೋಗಿಸುವ ಬದಲು ಮುಂದೇನು ಅಂತ ಅವರ ಜೊತೆ ಬಿಚ್ಚುಮನಸ್ಸಿನಿಂದ ಮಾತಾಡಿ.

ಕರು ಸತ್ತರೆ ದುಃಖದಲ್ಲಿ ಬೇಗ ಹೂಳಿಬಿಡಬೇಡಿ. ಅದೇ ದಿನ, ಸಾಧ್ಯವಾದಷ್ಟು ಬೇಗ, ಶವಪರೀಕ್ಷೆ ಮಾಡಿಸಿ. ಶ್ವಾಸಕೋಶದ ಗಟ್ಟಿಯಾದ ಭಾಗ ಮತ್ತು ಚೆನ್ನಾಗಿರುವ ಭಾಗ ಸೇರುವ ಅಂಚಿನಿಂದ ತುಂಡು ತೆಗೆಯಲು ಹೇಳಿ, ರೋಗಾಣು ಜೀವಂತ ಸಿಗುವುದು ಅಲ್ಲೇ. ಎಣ್ಣೆ ಕುಡಿಸುತ್ತಿದ್ದಿರಿ ಅಂತಲೂ ಹೇಳಿ, ಶ್ವಾಸಕೋಶಕ್ಕೆ ಎಣ್ಣೆ ಇಳಿದಿತ್ತಾ ಅಂತ ಅವರು ನೋಡುತ್ತಾರೆ. ಪಕ್ಕದಲ್ಲಿ ಕೆಮ್ಮುತ್ತಾ ನಿಂತಿರುವ ಕರುವಿಗೆ ನಾಳೆ ಯಾವ ಇಂಜೆಕ್ಷನ್ ಅನ್ನುವುದು ಆ ತುಂಡಿನಿಂದ ಗೊತ್ತಾಗುತ್ತದೆ.